ಟಿಕ್ ಎಂದು ಸುಮ್ಮನಾಗುವ ವ್ಯಾನು

ಟಿಕ್...

ಅಷ್ಟೇ. ಮುಂದೆ ಏನೂ ಇಲ್ಲ!

ಯೋರುನ್ ಮತ್ತೆ ಕೀ ತಿರುಗಿಸಿದಳು. ಟಿಕ್. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಇನ್ನೊಮ್ಮೆ ತಿರುಗಿಸಿದಳು. ಟಿಕ್.

'ದಮ್ಮಯ್ಯ ಕಣೋ... ಎಲ್ಲಿ ಬೇಕಾದ್ರೂ ಕೈ ಕೊಡು, ಇಲ್ಲಿ ಮಾತ್ರ ಬೇಡ...' ಅವಳು ಮನಸ್ಸಿನಲ್ಲೇ ವ್ಯಾನಿನ ಕಾಲು ಹಿಡಿದಳು.

ಗಾಡಿಗಳನ್ನು ಹೊತ್ತು ದಾಟಿಸುವ ಫೆರಿ ದಡ ಮುಟ್ಟಿಯಾಗಿತ್ತು. ಮುಂದಿನ ಕಬ್ಬಿಣದ ಹಲಗೆ ಇಳಿದು ಸ್ಕಾರ್ವ ದ್ವೀಪದ ಜೆಟ್ಟಿಗೆ ತಾಗಿತ್ತು. ಡೆಕ್ಕಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದದ್ದು ಅವಳ ಹಳೇ ಹಸಿರು ವ್ಯಾನು. ಅದು ಕದಲದೆ ಹಿಂದಿನ ಒಂದು ಗಾಡಿಯೂ ಇಳಿಯುವಂತಿಲ್ಲ. ಹಾಲಿನ ಲಾರಿ, ಪಾದ್ರಿಯ ಕಾರು, ಮೀನಿನ ಪೆಟ್ಟಿಗೆ ಹೊತ್ತ ಟ್ರ್ಯಾಕ್ಟರು... ಎಲ್ಲ ಸಾಲಾಗಿ ಕಾಯುತ್ತಿದ್ದವು.

ನಮ್ಮ ನಾರ್ವೆ ಕರಾವಳಿಯ ಜನ ಹಾರ್ನ್ ಹೊಡೆಯುವುದಿಲ್ಲ. ಹೊಡೆದುಬಿಟ್ಟರೆ ವಾಸಿ, ಇವರು ಸುಮ್ಮನೆ ಕೂತು ನೋಡುತ್ತಾರೆ. ಆ ನೋಟ ಬೆನ್ನಿಗೆ ಚುಚ್ಚುವುದು ಹೇಗೆಂದು ಅನುಭವಿಸಿದವರಿಗೇ ಗೊತ್ತು!

ಕಿಟಕಿಗೆ ಯಾರೋ ಬೆರಳಿನಿಂದ ಟಕಟಕ ಬಡಿದರು. ಕಿತ್ತಳೆ ಬಣ್ಣದ ಜಾಕೆಟ್ಟು, ಗಾಳಿಗೆ ಕೆದರಿದ ಕಂದು ಗಡ್ಡ. ಫೆರಿಗೆ ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಹೊಸಬ.

"ಏನಾಯ್ತು?"

"ಸ್ಟಾರ್ಟ್ ಆಗ್ತಿಲ್ಲ."

"ಅದು ಕಾಣ್ತಾ ಇದೆ. ಯಾಕೆ ಅಂತ ಕೇಳಿದ್ದು."

"ಯಾಕೆ ಅಂತ ಗೊತ್ತಿದ್ರೆ ನಾನು ಇಲ್ಲಿ ಕೂತು ನಿಮ್ಮ ಮುಖ ನೋಡ್ತಿರ್ತಿದ್ನಾ?"

ಅವನು ಒಂದು ಕ್ಷಣ ಅವಳನ್ನೇ ನೋಡಿದ. ತುಟಿಯಂಚಿನಲ್ಲಿ ನಗು ಬಂತು, ನುಂಗಿಕೊಂಡ. ಆದರೆ ಅವಳು ಕಂಡಾಗಿತ್ತು.

'ನಗ್ತಾನೆ! ನನ್ನ ಪ್ರಾಣ ಹೋಗ್ತಿದೆ, ಇವನಿಗೆ ನಗು!'

"ಹ್ಯಾಂಡ್ ಬ್ರೇಕ್ ಬಿಡಿ. ಗೇರ್ ತೆಗೀರಿ. ಸ್ಟೇರಿಂಗ್ ಮಾತ್ರ ನೋಡ್ಕೊಳ್ಳಿ, ತಳ್ಳೋದು ನಮಗೆ ಬಿಡಿ."

ಅವನೂ, ಹಾಲಿನ ಲಾರಿಯವನೂ, ಸ್ವತಃ ಪಾದ್ರಿಯೂ ಸೇರಿ ವ್ಯಾನನ್ನು ದಡಕ್ಕೆ ತಳ್ಳಿದರು. ಪಕ್ಕಕ್ಕೆ ನಿಲ್ಲಿಸಿದ ಮೇಲೆ ಆ ಹೊಸಬ ಕಿಟಕಿಯಲ್ಲಿ ಮತ್ತೆ ಬಗ್ಗಿದ.

"ನನ್ನ ಹೆಸರು ಎಸ್ಕಿಲ್. ಮುಂದಿನ ಸಲ ಬರೋವಾಗ ಹೇಳಿ ಬನ್ನಿ, ಬೆಳಿಗ್ಗೆ ಹೊಟ್ಟೆ ತುಂಬ ತಿಂದಿರ್ತೀನಿ."

ಯೋರುನ್‌ಳ ಕೆನ್ನೆ ಕೆಂಪಾಯಿತು. ಸಿಟ್ಟಿಗಾ, ಅವಮಾನಕ್ಕಾ, ಇಲ್ಲಾ ಆ ಬೂದುಗಣ್ಣಿಗಾ? ಅವಳನ್ನು ಕೇಳಿದ್ದರೆ ಸಿಟ್ಟಿಗೆ ಅಂತಲೇ ಹೇಳುತ್ತಿದ್ದಳು ಬಿಡಿ.

*

ಆ ವ್ಯಾನು ಅವಳಿಗೆ ಏನಾಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ.

ಯೋರುನ್ ಬೂನಾಡ್ ಹೊಲಿಯುವವಳು. ಮೇ ಹದಿನೇಳು ನಮ್ಮ ರಾಷ್ಟ್ರೀಯ ದಿನ. ಅವತ್ತು ಚಿಕ್ಕವರು ದೊಡ್ಡವರು ಎಲ್ಲ ಕಸೂತಿ ಹಾಕಿದ ಉಣ್ಣೆಯ ಸಾಂಪ್ರದಾಯಿಕ ಉಡುಪು ತೊಟ್ಟು ಮೆರವಣಿಗೆ ಹೋಗುವುದು. ಅದೇ ಬೂನಾಡ್. ಒಂದೊಂದು ಊರಿಗೆ ಒಂದೊಂದು ಬಗೆ. ಪರ ಊರಿನ ಬೂನಾಡ್ ಹಾಕಿಕೊಂಡರೆ ನಮ್ಮ ಅಜ್ಜಿಯಂದಿರು ಅಲ್ಲೇ ತಡೆದು ನಿಲ್ಲಿಸಿ, "ನಿನಗೂ ಈ ಊರಿಗೂ ಏನು ಸಂಬಂಧ?" ಅಂತ ಕೇಳಿಯೇಬಿಡುತ್ತಾರೆ! ಚಳಿಗಾಲವಿಡೀ ಬೆಣ್ಣೆ ತಿಂದು ದಪ್ಪಗಾದವರ ಬೂನಾಡಿನ ಸೊಂಟ ಬಿಚ್ಚಿ ಹೊಲಿಯಲು, ಬೆಳೆದ ಹುಡುಗಿಯರ ಲಂಗ ಉದ್ದ ಮಾಡಲು, ಯೋರುನ್ ದ್ವೀಪದಿಂದ ದ್ವೀಪಕ್ಕೆ ಹೋಗಬೇಕು. ವ್ಯಾನಿನ ಹಿಂಭಾಗದಲ್ಲೇ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಸಾಲಾಗಿ ತೂಗುವ ಬೂನಾಡ್‌ಗಳು.

ಮದುವೆ ಮುರಿದು ಬಿದ್ದಾಗ ಗಂಡ ಮನೆ ಇಟ್ಟುಕೊಂಡ, ದೋಣಿ ಇಟ್ಟುಕೊಂಡ. ಅವಳ ಪಾಲಿಗೆ ಉಳಿದದ್ದು ಈ ಮುದಿ ವ್ಯಾನು. ಅವತ್ತು ಅಕ್ಕ ಓಸ್ಲೋದಿಂದ ಫೋನ್ ಮಾಡಿ, "ಬಂದುಬಿಡೇ, ಇಲ್ಲಿ ಕರ್ಟನ್ ಅಂಗಡೀಲಿ ಕೆಲಸ ಕೊಡಿಸ್ತೀನಿ" ಅಂದಿದ್ದಳು. ಯೋರುನ್ ಹೋಗಲಿಲ್ಲ. ಹುಟ್ಟಿದ ಸ್ಕಾರ್ವ ದ್ವೀಪ ಬಿಟ್ಟು ಆ ಊರಿನ ಗೋಡೆಗಳ ಮಧ್ಯೆ ಕರ್ಟನ್ ಹೊಲಿಯುತ್ತಾ ಕೂರುವುದನ್ನು ನೆನೆದರೇ ಅವಳಿಗೆ ಉಸಿರು ಕಟ್ಟುತ್ತಿತ್ತು.

ವ್ಯಾನು ಓಡಿದರೆ ಅವಳು ಇಲ್ಲಿ. ನಿಂತರೆ ಕರ್ಟನ್ ಅಂಗಡಿ. ಅಷ್ಟೇ ಲೆಕ್ಕ.

ಆ ವ್ಯಾನೋ... ಶರತ್ಕಾಲದಿಂದ ಹೀಗೆ ಶುರುವಾಗಿತ್ತು. ಕೆಲವು ದಿನ ಒಂದೇ ಸಲಕ್ಕೆ ಬುರ್ರೆನ್ನುತ್ತದೆ. ಕೆಲವು ದಿನ ಬರೀ ಟಿಕ್. ಬ್ಯಾಟರಿ ಹೊಸದು ಹಾಕಿಸಿದಳು. ಟಿಕ್. ದೊಡ್ಡ ಊರಿನ ಗ್ಯಾರೇಜಿನವರು ಸ್ಟಾರ್ಟರ್ ಮೋಟಾರೇ ಬದಲಿಸಿದರು. ಎರಡು ವಾರ ಸುಮ್ಮನಿದ್ದು ಮತ್ತೆ ಟಿಕ್! ದ್ವೀಪದಲ್ಲಾದರೆ ಚರ್ಚಿನ ಇಳಿಜಾರಿನಲ್ಲಿ ನಿಲ್ಲಿಸಿ, ಉರುಳಿಸಿಕೊಂಡೇ ಸ್ಟಾರ್ಟ್ ಮಾಡುತ್ತಿದ್ದಳು. ಫೆರಿಯ ಡೆಕ್ಕು ಮಾತ್ರ ಚಪ್ಪಟೆ, ಮೇಲಾಗಿ ಅಲ್ಲಿ ಎಂಜಿನ್ ಆರಿಸಲೇಬೇಕೆಂಬ ಕಟ್ಟಪ್ಪಣೆ. ಪ್ರತಿ ಸಲ ಕೀ ತಿರುಗಿಸಿ ಆರಿಸುವಾಗ ಅವಳ ಎದೆಯೂ ಜೊತೆಗೇ ನಿಲ್ಲುತ್ತಿತ್ತು.

ಎಸ್ಕಿಲ್ ಮಾತ್ರ ಪ್ರತಿ ಸಲವೂ ಬಂದ.

"ಬಂದ್ರಾ ಯೋರುನ್? ಬನ್ನಿ, ನನ್ನ ವ್ಯಾಯಾಮ ಬಂತು."

"ನಿಮಗೆ ಬೇರೆ ಕೆಲಸ ಇಲ್ವಾ?"

"ಇದೆ. ಆದ್ರೆ ಇಷ್ಟು ಖುಷಿಯ ಕೆಲಸ ಇಲ್ಲ."

ಅವನು ಕರಾವಳಿಯವನಲ್ಲ, ಒಳನಾಡಿನ ಕಣಿವೆಯವನು. ಉಪ್ಪುಗಾಳಿ ಕಂಡವನಲ್ಲ, ಒಣಮೀನು ಕಂಡರೆ ಮುಖ ಸಿಂಡರಿಸುವವನು! ಜೆಟ್ಟಿಯಲ್ಲಿ ಕಾಫಿ ಅಂಗಡಿ ಇಟ್ಟಿರುವ ಬೋರ್ಗಿಲ್ಡ್ ಅಜ್ಜಿ ಅವನನ್ನು 'ಮೇಕೆ ಕಾಯೋನು' ಅಂತಲೇ ಕರೆಯುತ್ತಿದ್ದಳು. ಆದರೂ ಅವನ ಪಾಲಿನ ವಾಫಲ್ ಮೇಲೆ ಬೆರ್ರಿ ಜಾಮ್ ಒಂದು ಚಮಚ ಹೆಚ್ಚೇ ಬೀಳುತ್ತಿತ್ತು.

ಜನವರಿಯ ಹೊತ್ತಿಗೆ ಅವನು ಯೋರುನ್‌ಳ ಕಿಟಕಿಗೆ ಕಾಫಿ ತಂದುಕೊಡತೊಡಗಿದ. ಫೆಬ್ರವರಿಯಲ್ಲಿ ಅವಳು ಅವನ ಹರಿದ ಕೈಗವಸು ಕಸಿದುಕೊಂಡು ಹೊಲಿದುಕೊಟ್ಟಳು. ಬಾಯಿ ಬಿಟ್ಟು ಯಾರೂ ಏನೂ ಹೇಳಲಿಲ್ಲ. ಒಮ್ಮೊಮ್ಮೆ ವ್ಯಾನು ಒಂದೇ ಸಲಕ್ಕೆ ಸ್ಟಾರ್ಟ್ ಆಗಿಬಿಟ್ಟರೆ ಇಬ್ಬರ ಮುಖವೂ ಸಪ್ಪೆಯಾಗುತ್ತಿತ್ತು... ನೋಡಿದವರು ಹೇಳಿದ ಮಾತು ಇದು, ನಾನು ಕಟ್ಟಿದ್ದಲ್ಲ.

ಏಪ್ರಿಲ್‌ನಲ್ಲಿ ಎಲ್ಲ ಬದಲಾಯಿತು.

ಎಸ್ಕಿಲ್ ನಗುವುದನ್ನೇ ಬಿಟ್ಟ. ಅವಳು ಡೆಕ್ಕಿಗೆ ಬಂದರೆ ಮೂಲೆಗೆ ಕಳಿಸುತ್ತಿದ್ದ. ಕಾಫಿ ಇಲ್ಲ. ದಾರಿಯುದ್ದಕ್ಕೂ ವ್ಯಾನಿನ ಹಿಂದೆ ಕೈಕಟ್ಟಿ ನಿಂತಿರುತ್ತಿದ್ದ, ಕಳ್ಳರನ್ನು ಕಾಯುವವನ ಹಾಗೆ.

'ಸಾಕಾಯ್ತೇನೋ ನನ್ನ ತಳ್ಳಿ ತಳ್ಳಿ... ಯಾರಿಗೆ ತಾನೇ ಸಾಕಾಗಲ್ಲ? ಕಟ್ಟಿಕೊಂಡ ಗಂಡನಿಗೇ ಸಾಕಾಗಿತ್ತು...'

ಕೇಳಿಬಿಡಬಹುದಿತ್ತು. ಕೇಳಲಿಲ್ಲ. ನಮ್ಮ ದ್ವೀಪದವರ ಜಂಬ ಅಂದ್ರೆ ಇದೇ ನೋಡಿ!

*

ಮೇ ಹದಿಮೂರು. ವ್ಯಾನಿನ ತುಂಬ ಬೂನಾಡ್‌ಗಳು. ಹೊರಗಿನ ದ್ವೀಪಗಳ ಮನೆಮನೆಗೂ ಅವು ಹದಿನೇಳರೊಳಗೆ ತಲುಪಬೇಕು. ಯೋರುನ್ ಜೆಟ್ಟಿಗೆ ಬಂದರೆ ಫೆರಿಯ ಕಪ್ತಾನ ಆಸ್ಮುಂಡ್ ಖುದ್ದಾಗಿ ಕೆಳಗಿಳಿದು ಬಂದು, ಕೈ ಅಡ್ಡ ಹಿಡಿದ.

"ಯೋರುನ್, ಈ ಗಾಡಿ ಇವತ್ತಿಂದ ಹತ್ತೋ ಹಾಗಿಲ್ಲ."

"ಯಾಕೆ? ನಾನು ಬೇಗ ಬಂದಿದೀನಿ! ಎಲ್ಲರಿಗಿಂತ ಹಿಂದೆ ನಿಲ್ತೀನಿ! ಯಾರಿಗೂ ಅಡ್ಡ ಆಗಲ್ಲ..."

"ಅಡ್ಡದ ಮಾತಲ್ಲಮ್ಮ. ರಿಪೇರಿ ಆಗಿದೆ ಅಂತ ನನ್ನ ಕಣ್ಣಾರೆ ನೋಡೋ ತನಕ ಹತ್ತಿಸಲ್ಲ. ಎಸ್ಕಿಲೇ ಬಂದು ಹೇಳ್ದ, ಹತ್ತಿಸಬೇಡಿ ಅಂತ. ಡೆಕ್ಕಿನ ಜವಾಬ್ದಾರಿ ಅವನದು."

ಯೋರುನ್ ಫೆರಿಯತ್ತ ತಿರುಗಿದಳು.

ಎಸ್ಕಿಲ್... ಹೇಳಿದ್ದಾ?

ಅವನು ಹಲಗೆಯ ಮೇಲೆ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ಅವಳು ಸೀದಾ ಅವನೆದುರು ಹೋಗಿ ನಿಂತಳು.

"ನೀವು ಹೇಳಿದ್ದಾ?"

"ಯೋರುನ್, ಒಂದ್ನಿಮಿಷ ನನ್ನ ಮಾತು..."

"ಹೌದಾ ಇಲ್ವಾ, ಅಷ್ಟು ಹೇಳಿ."

"ಹೌದು. ಆದ್ರೆ..."

"ಸಾಕು!" ಅವಳು ಮಾತು ತುಂಡರಿಸಿದಳು. "ತಳ್ಳೋಕೆ ಬೇಜಾರಾಗಿದ್ರೆ ನನ್ನ ಹತ್ರ ಹೇಳ್ಬೇಕಿತ್ತು. ನಾನೇ ತಳ್ಕೊಂಡು ಹೋಗ್ತಿದ್ದೆ. ಕಪ್ತಾನನ ಹತ್ರ ಚಾಡಿ ಹೇಳೋ ಅಷ್ಟು ಏನು ಮಾಡಿದ್ದೆ ನಾನು ನಿಮಗೆ?"

"ಚಾಡಿ ಅಲ್ಲ! ಅದ್ರಲ್ಲಿ..."

ಅವಳು ಕೇಳಿಸಿಕೊಳ್ಳಲಿಲ್ಲ. ಫೆರಿಯ ಸೈರನ್ ಕೂಗಿತು, ಹಲಗೆ ಎದ್ದಿತು, ಅವನು ನೀರಿನ ಆಚೆಗೆ ಸರಿಯುತ್ತಾ ಹೋದ. ಏನೋ ಕೂಗಿ ಹೇಳುತ್ತಿದ್ದ. ಗಾಳಿಗೆ ಒಂದಕ್ಷರವೂ ದಡ ತಲುಪಲಿಲ್ಲ.

ಬೋರ್ಗಿಲ್ಡ್ ಅಜ್ಜಿಯ ಅಂಗಡಿಯ ಬೆಂಚಿನ ಮೇಲೆ ಕುಸಿದು ಕೂತು ಅವಳು ಅಕ್ಕನಿಗೆ ಫೋನ್ ಮಾಡಿದಳು.

"ಬರ್ತೀನಿ ಕಣೇ. ಹದಿನೇಳು ಕಳೀಲಿ... ಬಂದುಬಿಡ್ತೀನಿ."

ಅಜ್ಜಿ ಕಾಫಿ ಲೋಟವನ್ನು ಟೇಬಲ್ಲಿಗೆ ಕುಕ್ಕಿದಳು. "ಏನೇ ನೀನು? ಒಂದು ಡಬ್ಬಾ ಗಾಡಿಗೋಸ್ಕರ ಊರು ಬಿಡ್ತೀಯಾ?"

"ನನ್ನ ಕೈಲಿ ಆಗಲ್ಲ ಅಜ್ಜಿ. ಬ್ಯಾಟರಿ ಹಾಕ್ಸಿದೆ. ಮೋಟಾರ್ ಹಾಕ್ಸಿದೆ. ಬೈದೆ, ಮುದ್ದು ಮಾಡ್ದೆ, ಅತ್ತೆ. ಅದಕ್ಕೇನು ಬೇಕು ಅಂತಾನೇ ಗೊತ್ತಾಗ್ತಿಲ್ಲ! ಎಷ್ಟು ಅಂತ ಒದ್ದಾಡಲಿ?"

"ಆ ಮೇಕೆ ಕಾಯೋನು ಏನಂತಾನೆ?"

"ಅವನ ಹೆಸರು ಎತ್ಬೇಡಿ!"

"ಎತ್ತಲ್ಲಪ್ಪ. ನಿನ್ನ ಕಣ್ಣೀರೇ ಎತ್ತುತಾ ಇದೆ, ನಾನ್ಯಾಕೆ ಎತ್ತಲಿ!"

ಅಜ್ಜಿಯ ಬಾಯಿಗೆ ಯಾರು ಎದುರಾಡುತ್ತಾರೆ? ಯೋರುನ್ ಕಣ್ಣೊರೆಸಿಕೊಂಡು ಎದ್ದಳು.

*

ಮರುದಿನ ಬೆಳಿಗ್ಗೆ ಅವಳು ಮತ್ತೆ ಜೆಟ್ಟಿಗೆ ಬಂದಳು. ಕಪ್ತಾನನ ಕಾಲಿಗೆ ಬೀಳುವುದೊಂದೇ ಬಾಕಿ. ಈ ಒಂದು ಸುತ್ತು ಬಿಟ್ಟುಬಿಡಿ, ಬೂನಾಡ್ ತಲುಪಿಸಿ ಬರುತ್ತೇನೆ, ಆಮೇಲೆ ವ್ಯಾನನ್ನು ಗುಜರಿಗೆ ಹಾಕುತ್ತೇನೆ ಅಂತ ಬೇಡಿಕೊಳ್ಳುವುದು. ಹಬ್ಬಕ್ಕೆ ಬಂದ ನೆಂಟರ ಕಾರುಗಳಿಂದ ಇಳಿಜಾರೆಲ್ಲ ತುಂಬಿಹೋಗಿತ್ತು. ವಿಧಿಯಿಲ್ಲದೆ ಸಪಾಟು ಜಾಗದಲ್ಲಿ ನಿಲ್ಲಿಸಿದಳು. ಗಾಬರಿಯಲ್ಲಿ ಕೈ ತಾನಾಗಿಯೇ ಕೀ ತಿರುಗಿಸಿ ಎಂಜಿನ್ ಆರಿಸಿಬಿಟ್ಟಿತು!

'ಅಯ್ಯೋ... ಏನು ಮಾಡಿಕೊಂಡೆ!'

ಟಿಕ್.

ಟಿಕ್. ಟಿಕ್. ಟಿಕ್.

ಚೋಕ್ ಎಳೆದು ಮತ್ತೆ ತಿರುಗಿಸಿದಳು. ಚೋಕಿನ ಗುಂಡಿ ಬೆರಳಿಗೆ ಚುರ್ ಎಂದಿತು. ಹಟಕ್ಕೆ ಬಿದ್ದವಳಂತೆ ಕೀಯನ್ನು ತಿರುಗಿಸಿಯೇ ಹಿಡಿದಳು. ಕಣ್ಣಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ.

"ಬಿಡಿ! ಕೀ ಬಿಡಿ! ಯೋರುನ್, ಕೈ ತೆಗೀರಿ!"

ಬಾಗಿಲು ಧಡಾರನೆ ತೆರೆಯಿತು. ಎಸ್ಕಿಲ್! ಅವಳ ಮೇಲೆ ಬಗ್ಗಿ, ಅವಳ ಕೈಯನ್ನು ಕೀಯಿಂದ ಕಿತ್ತು, ಅವಳನ್ನು ಆಚೆಗೆ ಎಳೆದ. ಇನ್ನೊಂದು ಕೈಯಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಇತ್ತು.

"ಏನು ಮಾಡ್ತಿದೀರಿ ನೀವು! ಬಿಡಿ ನನ್ನ..."

"ಅಲ್ಲಿ ನೋಡಿ."

ಡ್ಯಾಶ್‌ಬೋರ್ಡಿನ ಕೆಳಗಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಸುಟ್ಟ ರಬ್ಬರಿನ ವಾಸನೆ. ಅದರ ಹಿಂದೆಯೇ ಸಾಲಾಗಿ ತೂಗುತ್ತಿದ್ದವು ಉಣ್ಣೆಯ ಬೂನಾಡ್‌ಗಳು, ಕೆಳಗೆ ಪೆಟ್ರೋಲ್ ಟ್ಯಾಂಕು...

 ಹೊಗೆ ನಿಧಾನವಾಗಿ ಅಡಗಿತು. ಎಸ್ಕಿಲ್‌ನ ಕೈ ಇನ್ನೂ ಅವಳ ತೋಳನ್ನು ಬಿಟ್ಟಿರಲಿಲ್ಲ. 

"ಇದನ್ನೇ ನಾನು ನೋಡಿದ್ದು," ಅವನ ದನಿ ಒಡೆದಿತ್ತು. "ಏಪ್ರಿಲ್‌ನಲ್ಲಿ, ತಳ್ಳೋವಾಗ. ಒಂದು ಎಳೆ ಹೊಗೆ. ಮೊದಲು ನನ್ನ ಭ್ರಮೆ ಅಂದ್ಕೊಂಡೆ. ಮತ್ತೆ ನೋಡ್ದೆ. ಡೆಕ್ಕಲ್ಲಿ ಅಷ್ಟು ಗಾಡಿ, ಅಷ್ಟು ಜನ, ಒಳಗೆ ನೀವು... ಪ್ರತಿ ಸಲ ಈ ಸಿಲಿಂಡರ್ ಕಾಲ ಹತ್ರ ಇಟ್ಕೊಂಡು ನಿಮ್ಮ ಹಿಂದೆ ನಿಲ್ತಿದ್ದೆ. ರಾತ್ರಿ ನಿದ್ದೆ ಬರ್ತಿರ್ಲಿಲ್ಲ ಯೋರುನ್."

"ಮತ್ತೆ... ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಗಾಡಿ ಬಿಡ್ತೀರಿ. ಗಾಡಿ ಬಿಟ್ರೆ ಓಸ್ಲೋಗೆ ಹೋಗ್ತೀರಿ. ಬೋರ್ಗಿಲ್ಡ್ ಅಜ್ಜಿ ಎಲ್ಲ ಹೇಳಿದ್ರು." ಅವನು ತಲೆ ತಗ್ಗಿಸಿದ. "ಕಾರಣ ಹುಡುಕಿ ಆಮೇಲೆ ಹೇಳೋಣ ಅಂತಿದ್ದೆ. ಸಿಗಲಿಲ್ಲ. ಮೊನ್ನೆ ಹೊಗೆ ಇನ್ನೂ ಜಾಸ್ತಿ ಇತ್ತು. ಹೆದರಿ ಕಪ್ತಾನರಿಗೆ ಹೇಳ್ಬಿಟ್ಟೆ. ಮೊದಲು ನಿಮಗೆ ಹೇಳ್ಬೇಕಿತ್ತು. ತಪ್ಪು ನಂದೇ."

ಯೋರುನ್ ಮುಖ ಆಚೆ ತಿರುಗಿಸಿಕೊಂಡಳು. ಚಾಡಿಕೋರ ಅಂದೆನಲ್ಲ... ಅಷ್ಟು ಜನರೆದುರು ಅಂದೆನಲ್ಲ ಇವನಿಗೆ...

"ಇವತ್ತು ನನಗೆ ರಜೆ," ಅವನು ಓಡಿ ಬರುವಾಗ ದಾರಿಯಲ್ಲೇ ಬಿಟ್ಟಿದ್ದ ಉಪಕರಣಗಳ ಪೆಟ್ಟಿಗೆ ಎತ್ತಿ ತಂದು, ಕರೆಂಟ್ ಅಳೆಯುವ ಮೀಟರ್ ಹೊರತೆಗೆದ. "ಇದನ್ನ ಹುಡುಕೋಕೆ ಅಂತಾನೇ ಬಂದೆ. ಮಧ್ಯಾಹ್ನದ ಫೆರಿ ತನಕ ಟೈಮ್ ಕೊಡಿ. ಸಿಗಲಿಲ್ಲ ಅಂದ್ರೆ ನಾನೇ ದೋಣೀಲಿ ಬೂನಾಡ್ ತಲುಪಿಸಿ ಬರ್ತೀನಿ."

ಅವಳು ಒಳಗೆ ಕೈ ಹಾಕಿ ಎಂಜಿನ್ ಮುಚ್ಚಳದ ಕೊಂಡಿ ಎಳೆದಳು.

ಮುಚ್ಚಳ ಎತ್ತಿ, ಅವನು ಮೀಟರನ್ನು ಬ್ಯಾಟರಿಗೆ ಇಟ್ಟು ನೋಡಿದ. "ಬ್ಯಾಟರಿ ಗಟ್ಟಿಮುಟ್ಟಾಗಿದೆ. ಹೆಡ್‌ಲೈಟ್ ಹಾಕಿ. ಈಗ ಒಂದೇ ಕ್ಷಣ ಕೀ ತಿರುಗಿಸಿ, ತಕ್ಷಣ ಬಿಡಿ."

ಟಿಕ್.

"ಲೈಟ್ ಮಂಕಾಗ್ಲೇ ಇಲ್ಲ. ನೋಡಿದ್ರಾ?"

"ಅಂದ್ರೆ?"

"ಸ್ಟಾರ್ಟರ್ ಬ್ಯಾಟರಿಯಿಂದ ಕರೆಂಟ್ ಎಳ್ಕೊಳ್ತಾನೇ ಇಲ್ಲ. ದಾರಿ ಎಲ್ಲೋ ಕಟ್ಟಿದೆ." ಅವನು ಕೀಯಿಂದ ಸ್ಟಾರ್ಟರಿಗೆ ಹೋಗುವ ಸಣ್ಣ ವೈರು ಪರೀಕ್ಷಿಸಿದ. ಸರಿ ಇತ್ತು. ದಪ್ಪ ಕೇಬಲ್ ಪರೀಕ್ಷಿಸಿದ. ಅದೂ ಸರಿ. ಮತ್ತೆ ಮೊದಲಿನಿಂದ ನೋಡಿದ. ಎಲ್ಲವೂ ಸರಿ!

ಹೊತ್ತು ಏರುತ್ತಿತ್ತು. ಅವನ ಹಣೆ ಬೆವರಿತು. ಕೊನೆಗೆ ಅವನೂ ಕೈಚೆಲ್ಲಿ ಬಂಪರಿಗೆ ಒರಗಿ ಕೂತ.

"ಗೊತ್ತಾಗ್ತಿಲ್ಲ ಯೋರುನ್... ನಿಜವಾಗ್ಲೂ ಗೊತ್ತಾಗ್ತಿಲ್ಲ."

ಅವನ ಆ ಮುಖ ನೋಡಲಾಗಲಿಲ್ಲ ಅವಳಿಗೆ. ಇಷ್ಟು ದಿನ ಈ ಅಸಹಾಯಕತೆ ತನ್ನೊಬ್ಬಳದು ಅಂದುಕೊಂಡಿದ್ದಳು. ಪಕ್ಕದಲ್ಲಿ ಕೂತು, ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡಳು.

"ಬೆರಳಿಗೆ ಏನಾಯ್ತು?"

"ಏನಿಲ್ಲ. ಚೋಕ್ ಗುಂಡಿ ಸುಡ್ತು."

"ಚೋಕ್ ಗುಂಡಿ... ಸುಡ್ತಾ?"

ಎಸ್ಕಿಲ್ ಎದ್ದು ನಿಂತ. ಕಣ್ಣು ಅಗಲವಾಯಿತು.

"ಯೋರುನ್! ಚೋಕ್ ಬರೀ ತಂತಿ! ಎಳೆಯೋಕೆ ಇರೋ ಕಬ್ಬಿಣದ ತಂತಿ. ಅದರಲ್ಲಿ ಕರೆಂಟೇ ಇರಲ್ಲ. ಅದ್ಯಾಕೆ ಬಿಸಿ ಆಗ್ಬೇಕು?"

"ನನ್ನನ್ನ ಕೇಳಿದ್ರೆ?"

"ಸ್ಟಾರ್ಟರಿಗೆ ಹೋದ ಕರೆಂಟು ಎಂಜಿನ್ನಿಂದ ಗಾಡಿಯ ಮೈಗೆ, ಅಲ್ಲಿಂದ ಬ್ಯಾಟರಿಗೆ ವಾಪಸ್ ಬರ್ಬೇಕು. ಅದಕ್ಕೆ ಅಂತಾನೇ ಒಂದು ಅರ್ತ್ ಪಟ್ಟಿ ಇರುತ್ತೆ. ಆ ದಾರಿ ಮುಚ್ಚಿಹೋಗಿದೆ! ಪಾಪ, ಬೇರೆ ದಾರಿ ಸಿಗದೆ ಈ ಬಡಪಾಯಿ ಚೋಕ್ ತಂತೀಲಿ ನುಗ್ತಿದೆ. ಅದಕ್ಕೇ ಹೊಗೆ!"

ಅವನು ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಸೀದಾ ಎಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿದ.

"ತಿರುಗಿಸಿ."

"ಭಯ ಆಗುತ್ತೆ."

"ನಾನಿದೀನಿ."

ಅವಳು ತಿರುಗಿಸಿದಳು.

ಬುರ್ರ್ರ್!!

ವ್ಯಾನು ಮೈಕೊಡವಿ ಎದ್ದಿತು! ಅಂಗಡಿಯಿಂದ ಬೋರ್ಗಿಲ್ಡ್ ಅಜ್ಜಿ ಸೌಟು ಹಿಡಿದೇ ಆಚೆ ಓಡಿ ಬಂದಳು.

ಎಂಜಿನ್ ಆರಿಸಿ, ಎಸ್ಕಿಲ್ ವ್ಯಾನಿನ ಅಡಿಗೆ ತೂರಿದ. ಸ್ವಲ್ಪ ಹೊತ್ತಿಗೆ ಅವನ ದನಿ ಬಂತು, ನಗುವನ್ನು ಅದುಮಿ ಹಿಡಿದ ದನಿ.

"ಸಿಕ್ತು. ಹೆಣೆದ ತಾಮ್ರದ ಪಟ್ಟಿ. ಬೋಲ್ಟ್ ಗಟ್ಟಿಯಾಗೇ ಇದೆ. ಆದ್ರೆ ಅದರ ಕೆಳಗೆ ಕಬ್ಬಿಣನೇ ಕಾಣ್ತಿಲ್ಲ! ಕೆಂಪು ಬಣ್ಣ, ಅದ್ರಲ್ಲಿ ಕರೆಂಟ್ ಹರಿಯಲ್ಲ. ಅದರ ಮೇಲೆ ಇನ್ನೊಂದು ಸಲ ಬಣ್ಣ. ಅದರ ಮೇಲೆ ಏನಿದು... ಕುರಿ ವಾಸನೆ ಬರ್ತಿದೆ!"

ಯೋರುನ್‌ಳ ಮುಖದ ಬಣ್ಣವೇ ಹೋಯಿತು.

ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ದ್ವೀಪದ ಅಂಗಳಗಳಲ್ಲಿ ಏನು ನಡೆಯುತ್ತದೆ ಅಂತ ಕಣಿವೆಯವರಿಗೆ ಹೇಗೆ ಗೊತ್ತಿರಬೇಕು? ಚಳಿಗಾಲದ ಉಪ್ಪುಗಾಳಿ ಬರುವ ಮೊದಲು ಗಾಡಿಯ ಅಡಿಯೆಲ್ಲ ತುಕ್ಕು ಕೆರೆದು, ಕೆಂಪು ಬಣ್ಣ ಬಳಿದು, ಮೇಲೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು ಸವರಿ ಮುಚ್ಚಬೇಕು. ಬೋಳು ಕಬ್ಬಿಣ ಕಣ್ಣಿಗೆ ಬಿದ್ದರೆ ನಮಗೆ ಸಮಾಧಾನವೇ ಇಲ್ಲ. ಹಿಂದೆಲ್ಲ ಅವಳ ಗಂಡ ಮಾಡುತ್ತಿದ್ದ. ಕಳೆದ ಶರತ್ಕಾಲ ಮೊದಲ ಸಲ ಯೋರುನ್ ಒಬ್ಬಳೇ ಮಾಡಿದ್ದಳು. ಯಾರೂ ಬೆರಳು ತೋರಿಸಬಾರದು ಅಂತ ಒಂದೊಂದು ಬೋಲ್ಟೂ ಬಿಚ್ಚಿ, ಅಡಿಗೂ ಬಳಿದು, ಮತ್ತೆ ಬಿಗಿದಿದ್ದಳು.

"ನಾನೇ..." ಅವಳ ದನಿ ಉಡುಗಿಹೋಯಿತು. "ನಾನೇ ಬಳಿದಿದ್ದು ಎಸ್ಕಿಲ್. ಆ ಪಟ್ಟಿ ಬಿಚ್ಚಿದಾಗ ಕೆಳಗೆ ಕಬ್ಬಿಣ ಫಳಫಳ ಹೊಳೀತಿತ್ತು. ತುಕ್ಕು ಹಿಡಿಯುತ್ತೆ ಅಂತ ಎರಡು ಸಲ ಬಳಿದೆ... ಅಷ್ಟು ಜೋಪಾನ ಮಾಡ್ದೆ!"

ನಗುತ್ತಾನೆ ಅಂದುಕೊಂಡಳು. ಅವನು ಅಡಿಯಿಂದ ತೆವಳಿ ಬಂದು ಅವಳೆದುರು ಕೂತ. ಮುಖದ ತುಂಬ ಜಿಡ್ಡು. ನಗಲಿಲ್ಲ.

"ಚಳಿಗಾಲವಿಡೀ ಅದೃಷ್ಟಾನ ಬೈದೆ," ಅವಳು ಬಿಕ್ಕಿದಳು. "ಗಂಡನ್ನ ಬೈದೆ. ನಿಮ್ಮನ್ನೂ ಬೈದೆ. ಒಬ್ಬಳೇ ಎಲ್ಲ ಸರಿಯಾಗಿ ಮಾಡ್ಬೇಕು ಅಂತ ಹೋಗಿ..."

"ಯೋರುನ್... ಒಬ್ಬರೇ ಯಾಕೆ ಮಾಡ್ಬೇಕು?"

ಅವಳು ತಲೆ ಎತ್ತಿದಳು. ಅವನ ಕಣ್ಣಲ್ಲಿ ಕೀಟಲೆ ಇರಲಿಲ್ಲ. ಮೊದಲ ಸಲ ಅವಳು ಅವನ ನೋಟದಿಂದ ಮುಖ ತಿರುಗಿಸಲಿಲ್ಲ.

"ಏಯ್ ಮೇಕೆ ಕಾಯೋನೇ!" ಅಜ್ಜಿ ಸೌಟು ಬೀಸಿದಳು. "ಕಣ್ಣಲ್ಲಿ ಕಣ್ಣಿಟ್ಟು ಕೂತ್ಕೊಂಡ್ರೆ ಬಣ್ಣ ಉದುರುತ್ತಾ? ಫೆರಿ ಬರ್ತಿದೆ, ಕೆರೀರೋ ಅದನ್ನ!"

*

ಇಬ್ಬರೂ ಅಡಿಗೆ ತೂರಿದರು. ಅವನು ದೀಪ ಹಿಡಿದ, ಅವಳು ಕೆರೆದಳು. ತಾನು ಬಳಿದದ್ದನ್ನು ತಾನೇ ತೆಗೆಯುತ್ತೇನೆ ಅಂತ ಹಟ ಅವಳದು. ಬೋಳು ಕಬ್ಬಿಣ ಹೊಳೆಯುವ ತನಕ ಕೆರೆದು, ಪಟ್ಟಿಯ ತುದಿಯನ್ನೂ ಉಜ್ಜಿ, ಬೋಲ್ಟ್ ಬಿಗಿದಳು. ಆ ಮೇಲಷ್ಟೇ ಹೊರಗಿನಿಂದ ಜಿಡ್ಡು ಸವರಿದಳು. ಸುಟ್ಟ ಚೋಕ್ ತಂತಿಯನ್ನು ಎಸ್ಕಿಲ್ ಕಿತ್ತುಹಾಕಿ, ಸದ್ಯಕ್ಕೆ ಬೇರೆ ತಂತಿ ಕಟ್ಟಿದ.

ಕಪ್ತಾನ ಆಸ್ಮುಂಡ್ ಕೈಕಟ್ಟಿ ಬಂದು ನಿಂತ. "ಹೂಂ. ಸ್ಟಾರ್ಟ್ ಮಾಡು."

ಬುರ್ರ್!

"ಆರಿಸು."

ಯೋರುನ್‌ಳ ಕೈ ಹೆಪ್ಪುಗಟ್ಟಿತು. ಚಾಲೂ ಇದ್ದದ್ದನ್ನು ಆರಿಸುವುದೇ! ಎಸ್ಕಿಲ್ ಕಡೆ ನೋಡಿದಳು. ಅವನು ಕಣ್ಣಲ್ಲೇ 'ಆರಿಸಿ' ಎಂದ. ಆರಿಸಿದಳು.

"ಈಗ ಮತ್ತೆ."

ಬುರ್ರ್!

"ಮತ್ತೆ."

ಬುರ್ರ್! ಕಪ್ತಾನ ಚೋಕ್ ಗುಂಡಿಯನ್ನು ಮುಟ್ಟಿ ನೋಡಿದ. ತಣ್ಣಗಿತ್ತು. ಮೂಗು ಹಾಕಿ ವಾಸನೆಯನ್ನೂ ನೋಡಿದ.

"ಹತ್ತಿಸು," ಎಂದಷ್ಟೇ ಹೇಳಿ ಮೇಲೆ ಹೋದ. ನಮ್ಮ ಕಪ್ತಾನರ ಬಾಯಲ್ಲಿ ಅದು ಅಭಿನಂದನಾ ಭಾಷಣ!

ಫೆರಿ ಹೊರಟಿತು. ರಜೆಯಿದ್ದರೂ ಎಸ್ಕಿಲ್ ಜೊತೆಗೆ ಬಂದಿದ್ದ. ಯೋರುನ್ ವ್ಯಾನಿನ ಹಿಂಬಾಗಿಲು ತೆಗೆದು ಬೂನಾಡ್‌ಗಳಿಗೆ ಹೊಗೆಯ ವಾಸನೆ ಹತ್ತಿದೆಯಾ ಅಂತ ನೋಡುತ್ತಿದ್ದಳು. ಅವನು ಪಕ್ಕದಲ್ಲಿ ಬಂದು ನಿಂತ.

"ನಿನ್ನೆ ಅಷ್ಟು ಜನರೆದುರು ಚಾಡಿಕೋರ ಅಂದೆ," ಅವಳು ತಿರುಗದೆಯೇ ಹೇಳಿದಳು. "ಕ್ಷಮಿಸಿಬಿಡಿ."

"ಕ್ಷಮಿಸಲ್ಲ."

ಅವಳು ಗಾಬರಿಯಿಂದ ತಿರುಗಿದಳು.

"ಒಂದು ಬೂನಾಡ್ ಹೊಲಿದುಕೊಟ್ರೆ ಮಾತ್ರ ಕ್ಷಮಿಸ್ತೀನಿ."

"ಓಹೋ!" ಅವಳಿಗೆ ನಗು ಬಂತು, ಕಣ್ಣೀರೂ ಬಂತು. "ನಿಮ್ಮ ಕಣಿವೇದು ನನಗೆ ಹೊಲಿಯೋಕೆ ಬರಲ್ಲ. ಆ ಕಸೂತೀನೇ ಬೇರೆ."

"ನಮ್ಮ ಕಣಿವೇದು ಬೇಡ." ಅವನು ತೂಗುತ್ತಿದ್ದ ಒಂದು ಬೂನಾಡಿನ ತೋಳು ಮುಟ್ಟಿದ. "ನಿಮ್ಮ ದ್ವೀಪದ್ದು ಬೇಕು."

ಯೋರುನ್ ಅವನನ್ನೇ ನೋಡಿದಳು. ಪರ ಊರಿನವನು ದ್ವೀಪದ ಬೂನಾಡ್ ತೊಡುವುದೆಂದರೆ...

"ಅಜ್ಜಿಯಂದಿರು ತಡೆದು ನಿಲ್ಲಿಸ್ತಾರೆ ಎಸ್ಕಿಲ್. ಈ ಊರಿಗೂ ನಿನಗೂ ಏನು ಸಂಬಂಧ ಅಂತ ಕೇಳ್ತಾರೆ."

"ಕೇಳ್ಲಿ. ಯೋರುನ್‌ನ ಪ್ರೀತಿಸ್ತೀನಿ ಅಂತ ಹೇಳ್ತೀನಿ. ಸಾಲಲ್ವಾ?"

ಸಮುದ್ರದ ಗಾಳಿ ಅವಳ ಕೂದಲನ್ನು ಮುಖಕ್ಕೆ ತಂದು ಹಾಕಿತು. ಅವಳು ಸರಿಸಿಕೊಳ್ಳಲಿಲ್ಲ. ಕೊರಳಲ್ಲಿದ್ದ ಅಳತೆ ಪಟ್ಟಿ ತೆಗೆದು ಅವನ ಎದೆಗೆ ಸುತ್ತಿದಳು. ಅವನ ಎದೆ ಬಡಿತ ಅವಳ ಬೆರಳಿಗೆ ತಾಗುತ್ತಿತ್ತು.

"ಅಲುಗಾಡ್ಬೇಡ. ಅಳತೆ ತಪ್ಪುತ್ತೆ," ಎಂದಳು. ಮೊದಲ ಸಲ ಏಕವಚನ. ಅವಳಿಗೆ ಗೊತ್ತೇ ಆಗಲಿಲ್ಲ, ಅವನಿಗೆ ಗೊತ್ತಾಯಿತು.

"ಹದಿನೇಳಕ್ಕೆ ಆಗುತ್ತಾ?"

"ಹುಚ್ಚಾ ನಿನಗೆ? ಒಂದು ಬೂನಾಡ್ ಅಂದ್ರೆ ವರ್ಷದ ಕೆಲಸ. ಮುಂದಿನ ಮೇ ತಿಂಗಳಿಗೆ ಆಗುತ್ತೆ."

ಎಸ್ಕಿಲ್ ಅವಳ ಮುಖದ ಮೇಲಿದ್ದ ಕೂದಲು ಸರಿಸಿದ. ಆಮೇಲೆ, ಕೇಳಲೋ ಬೇಡವೋ ಎಂಬಂತೆ, ತೀರಾ ಮೆತ್ತಗೆ ಕೇಳಿದ.

"ಮುಂದಿನ ಮೇನಲ್ಲಿ... ನೀನು ಇಲ್ಲೇ ಇರ್ತೀಯಾ?"

ಯೋರುನ್ ಅಳತೆ ಪಟ್ಟಿಯ ಎರಡು ತುದಿಯನ್ನೂ ಬಿಡದೆ, ಅವನ ಎದೆಗೆ ಹಣೆ ಆನಿಸಿದಳು.

"ಇಲ್ಲೇ ಇರ್ತೀನಿ."